ವೈರಸ್ ತೆಗೆಯುವ ತಂಗಿ

ಕಂಪ್ಯೂಟರು ತಾನಾಗಿ ಕೆಡುವುದು ಕಡಿಮೆ. ಸುತ್ತ ಇರುವವರು ಅದಕ್ಕೆ ಏನಾದರೊಂದು ಮಾಡಿಡುವುದೇ ಹೆಚ್ಚು. ಕಾರವಾರದ ಒಂದು ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ದುಡಿದು ನಾನು ಕಲಿತ ವಿದ್ಯೆ ಇದೊಂದೇ. ಆಗ ಪೆನ್ ಡ್ರೈವ್ ಇನ್ನೂ ಹೊಸತು, ಕಂಪ್ಯೂಟರಿನ ಪರದೆಗಳು ಹಳೇ ಟಿವಿಯಷ್ಟು ದಪ್ಪ. ಆಫೀಸಿನಲ್ಲಿ ಇದ್ದವರು ಇಬ್ಬರೇ. ಸಾಫ್ಟ್‌ವೇರ್ ಬರೆಯುವವರು ನಮ್ಮ ಸರ್, ಅದು ಕೈಕೊಟ್ಟ ಕಡೆಗೆಲ್ಲ ಬಸ್ಸು ಹತ್ತಿ ಓಡುವವಳು ನಾನು. ವೈರಸ್ ತೆಗೆಯುವ ಕೆಲಸವೂ ನನ್ನ ಪಾಲಿಗೇ.

ನಮ್ಮ ಅತಿ ದೊಡ್ಡ ಗಿರಾಕಿ ಅಂಕೋಲೆಯ ಒಂದು ಸಹಕಾರಿ ಸಂಘ. ಅವರು ಕೈಬಿಟ್ಟರೆ ಆಫೀಸಿಗೆ ಬೀಗ. ಆಫೀಸಿಗೆ ಬೀಗ ಬಿದ್ದ ದಿನವೇ ಕೋಡಿಬಾಗದ ನಮ್ಮ ಮನೆಯಲ್ಲಿ ನನ್ನ ಜಾತಕ ಪೆಟ್ಟಿಗೆಯಿಂದ ಹೊರಗೆ. "ಕೆಲಸ ಇರೂವರೆಗೆ ಮದುವೆ ಸುದ್ದಿ ಎತ್ತೂದಿಲ್ಲ" ಎಂದು ಆಯಿ ಬಹಳ ಕಷ್ಟದಿಂದ ಒಪ್ಪಿದ್ದಳು. ಹಾಗಾಗಿ ಆ ಸಂಘದ ಕಂಪ್ಯೂಟರಿನ ಆರೋಗ್ಯವನ್ನು ನಾನು ನನ್ನ ಆರೋಗ್ಯಕ್ಕಿಂತ ಚೆನ್ನಾಗಿ ನೋಡಿಕೊಂಡೆ.

ಮೊದಲು ಮೀನು

ಸಂಘದ ಮ್ಯಾನೇಜರರು ಫೋನ್ ಮಾಡಿದರೆ ನೇರವಾಗಿ ತೊಂದರೆ ಹೇಳುವವರಲ್ಲ. ಅವರ ಪ್ರಕಾರ ಅದು ಮರ್ಯಾದೆಯಲ್ಲ.

"ತಂಗೀ, ಊಟ ಆಯ್ತಾ?"

"ಆಯ್ತು ಸರ್. ಕಂಪ್ಯೂಟರಿಗೆ ಏನಾಗಿದೆ?"

"ಅದಿರ್ಲಿ. ಮೀನೆಂತ ಇತ್ತು?"

"ಬಂಗಡೆ."

"ಹೌದಾ! ಇಲ್ಲಿ ಬರೇ ತಾರ್ಲೆ ಮಾರಾಯ್ತಿ. ಸಾರು ಮಾಡಿದ್ರಾ, ಹುರಿದ್ರಾ?"

ಬಂಗಡೆ ಸಾರಿಗೆ ಘಮಕ್ಕೆ ಜುಮ್ಮನಕಾಯಿ ಬೇಕೋ ಬೇಡವೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಅವರ ಟೇಬಲ್ಲಿನ ಮುಂದೆ ಯಾರೋ ಬಂದಿರುತ್ತಾರೆ. "ಸರಿ, ಕೆಲಸ ಉಂಟು, ಇಡ್ತೆ" ಎಂದು ಫೋನ್ ಇಟ್ಟೇಬಿಡುತ್ತಾರೆ. ತೊಂದರೆ ಏನೆಂದು ತಿಳಿಯಲು ನಾನು ಅಂಕೋಲೆ ಬಸ್ಸು ಹತ್ತಬೇಕು.

ಒಂದು ದಿನ ಫೋನ್ ನಮ್ಮ ಸರ್ ಎತ್ತಿಕೊಂಡರು. ಈ ಮಾತಿಗೆ ಬುಡದಲ್ಲೇ ಕತ್ತರಿ ಹಾಕೋಣವೆಂದು, "ನಾನು ಮೀನು ತಿನ್ನೂದೇ ಬಿಟ್ಟೆ" ಎಂದುಬಿಟ್ಟರು. ಆ ಕಡೆ ಫೋನ್ ಇಟ್ಟೇಬಿಟ್ಟರು. ಸಂಜೆಯ ಹೊತ್ತಿಗೆ ಮ್ಯಾನೇಜರರು ಎಳನೀರಿನ ಗೊಂಚಲು ಹಿಡಿದು ನಮ್ಮ ಆಫೀಸಿನ ಬಾಗಿಲಲ್ಲಿದ್ದರು. ಸರ್‌ ಕೈಯನ್ನು ಗಟ್ಟಿಯಾಗಿ ಹಿಡಿದು, "ಡಾಕ್ಟ್ರು ಎಂತ ಹೇಳಿದ್ರು?" ಎಂದು ಕೇಳಿದರು, ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಅವರು ಹೊರಡುವಾಗ ನಾನು ಕಂಪ್ಯೂಟರಿನ ತೊಂದರೆ ಏನಿತ್ತು ಎಂದೆ. ಅವರು ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದರು, "ಇಂಥಾ ಹೊತ್ತಿನಾಗೆ ಅದನ್ನೆಲ್ಲ ಹೇಳೂದಾ?"

ಸತ್ತ ವೈರಸ್ಸು

ಮಳೆಗಾಲದಲ್ಲಿ ಅವರ್ಸಾದ ಒಂದು ಐಸ್ ಫ್ಯಾಕ್ಟರಿಗೆ ಹೋಗಿ ವೈರಸ್ ತೆಗೆದು ಬಂದಿದ್ದೆ. ಕೆಲವೇ ದಿನಗಳಲ್ಲಿ ಮಾಲೀಕರ ಫೋನು.

"ತಂಗೀ, ನೀ ವೈರಸ್ ಕೊಂದೆ ಸರಿ. ಹೆಣ ತೆಗೀಲಿಲ್ವಾ?"

"ಯಾವ ಹೆಣ?"

"ವೈರಸ್ಸಿಂದು! ಕಂಪ್ಯೂಟರ್ ಒಳಗೇ ಕೊಳೀತಾ ಉಂಟು. ಆಫೀಸಿನಾಗೆ ಕೂರೂಕಾಗೂದಿಲ್ಲ."

ಹೋದೆ. ವಾಸನೆ ಇದ್ದದ್ದು ನಿಜ. ಮೂಗಿಗೆ ಸೆರಗು ಹಿಡಿದು ನೋಡಿದರೆ, ಪರದೆಯ ತಲೆಯ ಮೇಲೆ ಹಳೇ ಪೇಪರು, ಪೇಪರಿನ ಮೇಲೆ ಹರವಿದ ಒಣ ಶೆಟ್ಲಿ, ಅಂದರೆ ಸಿಗಡಿ. ಪಕ್ಕದಲ್ಲಿ ಒಂದು ಬೆಂಕಿಪೆಟ್ಟಿಗೆ, ವಾಚ್‌ಮನ್ನನ ಬೀಡಿ ಕಟ್ಟು, ಯಾರದೋ ಒದ್ದೆ ಟೊಪ್ಪಿ. ಆ ಮಳೆಯಲ್ಲಿ, ಅದೂ ಐಸ್ ಫ್ಯಾಕ್ಟರಿಯಲ್ಲಿ, ಬೆಚ್ಚಗಿರುವ ವಸ್ತು ಎಂದರೆ ಕಂಪ್ಯೂಟರಿನ ಪರದೆಯೊಂದೇ. ಎಲ್ಲರೂ ತಮ್ಮ ತಮ್ಮದನ್ನು ತಂದು ಅಲ್ಲೇ ಒಣಗಿಸುತ್ತಿದ್ದರು. ಪೇಪರು ಹರಿದಿತ್ತು. ಗಾಳಿಯಾಡುವ ಸೀಳುಗಳಿಂದ ಶೆಟ್ಲಿ ಒಳಗಿಳಿದು ಅರ್ಧ ಸುಟ್ಟು ಕರಕಲಾಗಿತ್ತು.

ಪರದೆಯ ತಂತಿ ಕಿತ್ತು, ಬೋರಲು ಹಾಕಿ ಅಲ್ಲಾಡಿಸಿದೆ. ಮೇಜಿನ ತುಂಬ ಶೆಟ್ಲಿ ಉದುರಿತು. ಮಾಲೀಕರು ಸುಡದೆ ಉಳಿದದ್ದನ್ನು ಒಂದೊಂದೇ ಆರಿಸಿ ಅಂಗೈಯಲ್ಲಿಟ್ಟುಕೊಂಡು, ನನ್ನ ಮುಖ ನೋಡಿದರು.

"ತಂಗೀ, ಇದಕ್ಕೇನೂ ವೈರಸ್ ತಾಗಿಲ್ಲ ಅಲ್ವಾ? ಮಧ್ಯಾಹ್ನ ಚಟ್ನಿ ಮಾಡಿಸ್ತಿದ್ದೆ."

ಎಲ್ಲದರದ್ದೂ ಜೋಡಿ

ಮತ್ತೆ ಅಂಕೋಲೆಯ ಸಂಘಕ್ಕೆ ಬರೋಣ. ಆಗ ಊರೆಲ್ಲ ಹಬ್ಬಿದ್ದ ಒಂದು ವೈರಸ್ಸು ಅಲ್ಲಿಗೂ ಬಂತು. ಅದರ ಚಾಳಿ ಎಂದರೆ, ಪ್ರತಿ ಫೋಲ್ಡರಿನ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರಿನ ಹಾಗೆ ವೇಷ ಹಾಕಿ ಕೂರುವುದು. ಮುಟ್ಟಿದರೆ ಮತ್ತಷ್ಟು ಹುಟ್ಟುತ್ತಿತ್ತು. ನಾನು ಇಡೀ ಮಧ್ಯಾಹ್ನ ಕೂತು ಎಲ್ಲವನ್ನೂ ಅಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಇನ್ನೇನು ಗುಮಾಸ್ತರು ಚಹಾ ತರಿಸುತ್ತಾರೆ ಎಂದು ಕಾದೆ.

ಗುಮಾಸ್ತರು ಪರದೆ ನೋಡಿ ಬಿಳುಚಿಕೊಂಡರು. "ಒಳಗಿನ ಫೋಲ್ಡರ್ ಎಲ್ಲ ಎಲ್ಲಿ?"

"ತೆಗೆದೆ. ಅವೇ ವೈರಸ್ಸು."

"ಎಂತ ಹೇಳ್ತ್ಯೇ? ಅದು ಬ್ಯಾಕಪ್ಪು!"

ಆಗಿದ್ದಿಷ್ಟು. ಸಾಫ್ಟ್‌ವೇರ್ ಕೊಡುವಾಗ ನಮ್ಮ ಸರ್ ಭಾಷಣ ಬಿಗಿದಿದ್ದರು, ಏನೇ ಇರಲಿ ಅದಕ್ಕೊಂದು ಜೋಡಿ ಪ್ರತಿ ಇರಬೇಕು ಎಂದು. ಒಂದು ಬೆಳಿಗ್ಗೆ ನೋಡಿದರೆ ಎಲ್ಲದರದ್ದೂ ಜೋಡಿ ತಾನೇ ತಯಾರು! ಕಾರವಾರದವರ ಸಾಫ್ಟ್‌ವೇರ್ ಅಂದ್ರೆ ಹೀಗಿರಬೇಕು ಎಂದು ಗುಮಾಸ್ತರು ಊರೆಲ್ಲ ಹೊಗಳಿ ಬಂದಿದ್ದರು. ಈಗ ಹುಡುಗಿಯೊಬ್ಬಳು ಬಂದು ಅಷ್ಟನ್ನೂ ಅಳಿಸಿಹಾಕಿದಳೆಂದು ಅಧ್ಯಕ್ಷರವರೆಗೆ ದೂರು ಹೋಯಿತು. ಅಧ್ಯಕ್ಷರು ಗುಡುಗುತ್ತ ಬಂದರು.

"ನೋಡು ತಂಗೀ, ವೈರಸ್ಸೋ ಗಿರಸ್ಸೋ, ಅದು ನೀವು ಮಾಡದ ಕೆಲಸ ಮಾಡಿತ್ತು. ಇವತ್ತೇ ವಾಪಸು ಹಾಕಿ ಹೋಗು."

ಅಧ್ಯಕ್ಷರ ಕೊರಳು

ವಾಪಸು ಹಾಕುವ ಕಷ್ಟ ನನಗೆ ಬರಲಿಲ್ಲ. ವೈರಸ್ಸು ತಾನೇ ವಾಪಸು ಬಂತು. ನಾನು ತೆಗೆಯುವುದು, ಅದು ಬರುವುದು. ಕೊನೆಗೆ ಮೂಲ ಸಿಕ್ಕಿತು. ಅಧ್ಯಕ್ಷರು ಕೊರಳಲ್ಲಿ ಜಪಮಾಲೆಯ ಜೊತೆಗೇ ಒಂದು ಪೆನ್ ಡ್ರೈವ್ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಮೊಮ್ಮಗಳ ನಾಮಕರಣದ ಫೋಟೋ. ಹೋದ ಕಡೆಯೆಲ್ಲ ಕಂಪ್ಯೂಟರಿಗೆ ಚುಚ್ಚಿ ತೋರಿಸದಿದ್ದರೆ ಅವರಿಗೆ ಚಹಾ ಇಳಿಯದು.

"ಇದರಲ್ಲೇ ವೈರಸ್ ಇದೆ" ಎಂದೆ, ಧೈರ್ಯ ಮಾಡಿ.

"ಸಾಧ್ಯವೇ ಇಲ್ಲ. ಇದು ಪೂಜೆ ಮಾಡಿಸಿ ಹಾಕ್ಕಂಡದ್ದು!"

ವಾದಿಸಿ ಉಪಯೋಗವಿಲ್ಲ. "ಹಾಗಾದ್ರೆ ಇದಕ್ಕೊಂದು ರಕ್ಷೆ ಹಾಕಿ ಕೊಡ್ತೇನೆ" ಎಂದೆ. "ಹಾಂಗೆ ಹೇಳ್ಬಾರ್ದಾ ಮೊದ್ಲೇ?" ಎಂದು ಕೂಡಲೇ ಕೊರಳಿನಿಂದ ಬಿಚ್ಚಿಕೊಟ್ಟರು. ಸ್ವಚ್ಛ ಮಾಡಿ, ವೈರಸ್ ಬಾರದ ಹಾಗೆ ಕಾವಲಿಟ್ಟು ಮರಳಿಸಿದೆ. ಮರುದಿನ ಸಂಘದ ಬಾಗಿಲಲ್ಲಿ ರಕ್ಷೆ ಹಾಕಿಸಿಕೊಳ್ಳಲು ನಿರ್ದೇಶಕರ ಸಾಲು. ಒಬ್ಬರು ಮೊಬೈಲ್ ತಂದಿದ್ದರು, ಒಬ್ಬರು ಟಾರ್ಚು. ಕೊನೆಯವರು ಏನೂ ತಂದಿರಲಿಲ್ಲ, ಸುಮ್ಮನೆ ಬಲಗೈ ಮುಂದೆ ಚಾಚಿದರು.

ಬಲಕ್ಕೋ ಎಡಕ್ಕೋ

ವೈರಸ್ಸು ಹೋಯಿತು, ಆದರೆ ಅಪಕೀರ್ತಿ ಉಳಿಯಿತು. ಅಷ್ಟರಲ್ಲಿ ಹುಬ್ಬಳ್ಳಿಯ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಬಂದು, ಬಣ್ಣಬಣ್ಣದ ಪರದೆ ತೋರಿಸಿ ಅರ್ಧ ನಿರ್ದೇಶಕರನ್ನು ಒಲಿಸಿಕೊಂಡಿದ್ದ. ಉಳಿದರ್ಧ ನಮ್ಮ ಕಡೆ. ಸಭೆಯಲ್ಲಿ ತೀರ್ಮಾನವಾಗಲಿಲ್ಲ. "ದೇವ್ರನ್ನೇ ಕೇಳುವಾ" ಎಂದರು ಅಧ್ಯಕ್ಷರು.

ನಮ್ಮ ಕಡೆ ಪ್ರಸಾದ ಕೇಳುವುದೆಂದರೆ ಹೀಗೆ. ಭಟ್ಟರು ದೇವರ ಮೈಗೆ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಅಂಟಿಸಿ ಪ್ರಶ್ನೆ ಇಡುತ್ತಾರೆ. ಬಲದ್ದು ಬಿದ್ದರೆ ಹೌದು, ಎಡದ್ದಾದರೆ ಅಲ್ಲ. ಹೆಣ್ಣು ಕೊಡುವುದಕ್ಕೆ, ಬಾವಿ ತೋಡುವುದಕ್ಕೆ ಕೇಳುವುದನ್ನು ಕಂಡಿದ್ದೆ. ಸಾಫ್ಟ್‌ವೇರಿಗೆ ಕೇಳಿದ್ದು ಅದೇ ಮೊದಲು.

ಎಲ್ಲರೂ ಗರ್ಭಗುಡಿಯ ಎದುರು ನಿಂತೆವು. ಸರ್ ಕಣ್ಣು ಮುಚ್ಚಿದ್ದರು. ಸುಳ್ಳು ಯಾಕೆ, ನಾನೂ ಮನಸ್ಸಿನಲ್ಲೇ ಒಂದು ಕಾಯಿ ಹರಕೆ ಹೊತ್ತೆ. ಅಂಕೋಲೆಗೆ ಬಸ್ಸಿನಲ್ಲಿ ನೇತಾಡುತ್ತ ಬರುವ ಆ ಕೆಲಸ ನನಗೆ ಅಷ್ಟು ಇಷ್ಟವಿತ್ತೆಂದು ಗೊತ್ತಾದದ್ದೇ ಆ ಗಳಿಗೆಯಲ್ಲಿ. ಭಟ್ಟರು ಗಟ್ಟಿಯಾಗಿ ಕೇಳಿದರು, "ಕಾರವಾರದವ್ರದ್ದೇ ಇರೂದಾದ್ರೆ ಬಲಕ್ಕೆ ಕೊಡು ತಂದೇ, ಹುಬ್ಬಳ್ಳಿಯವ್ರದ್ದು ಬರೂದಾದ್ರೆ ಎಡಕ್ಕೆ."

ಕಾದೆವು. ಬಲದ ಎಸಳು ಅಲುಗಲಿಲ್ಲ. ಎಡದ್ದೂ ಅಲುಗಲಿಲ್ಲ. ಭಟ್ಟರು ಗಂಟೆ ಬಾರಿಸಿದರು, ಮತ್ತೆ ಕೇಳಿದರು. ಊಹೂಂ. ಹುಬ್ಬಳ್ಳಿಯವನು ಟೈ ಸಡಿಲ ಮಾಡಿಕೊಂಡ. ನಮ್ಮ ಸರ್ ಕಣ್ಣು ಬಿಟ್ಟು ನೋಡಿ, ಅಭ್ಯಾಸಬಲದಿಂದ ಹೇಳಿಬಿಟ್ಟರು.

"ಹ್ಯಾಂಗ್ ಆಗಿದೆ."

ಅಧ್ಯಕ್ಷರು ಸಿಟ್ಟಾಗುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ಗಂಭೀರವಾಗಿ ಭಟ್ಟರ ಕಡೆ ತಿರುಗಿದರು. "ಭಟ್ರೇ, ಒಮ್ಮೆ ರೀಸ್ಟಾರ್ಟ್ ಮಾಡಿ."

ಭಟ್ಟರು ಹಾಗೆಂದರೇನು ಎಂದೂ ಕೇಳಲಿಲ್ಲ. ಹೂವೆಲ್ಲ ತೆಗೆದರು, ದೇವರಿಗೆ ಒಂದು ಕೊಡ ನೀರು ಸುರಿದರು, ಒರೆಸಿದರು, ಹೊಸ ಎಸಳು ಅಂಟಿಸಿ, ಅದೇ ಪ್ರಶ್ನೆ ಇಟ್ಟು ಮಂಗಳಾರತಿ ಎತ್ತಿದರು. ಆರತಿ ಇಳಿಸುವುದರೊಳಗೆ ಬಲದ ಎಸಳು ಪಟಕ್ಕನೆ ಬಿತ್ತು. ನಾನು ದೇವಸ್ಥಾನವೆಂಬುದನ್ನೂ ಮರೆತು ಚಪ್ಪಾಳೆ ಹೊಡೆದೆ.

ಹೊರಗೆ ಬಂದಮೇಲೆ ಅಧ್ಯಕ್ಷರು ಹೇಳಿದರು, "ನಿಮ್ಮದೇ ಇರ್ಲಿ ತಂಗೀ. ಆದ್ರೆ ರೀಸ್ಟಾರ್ಟ್ ಮಾಡೂಕೆ ನೀವು ಕಾರವಾರದಿಂದ ಬಸ್ಸು ಹತ್ತಿ ಬರೂದೆಲ್ಲ ಬೇಡ. ಭಟ್ರು ಎಷ್ಟು ಚಂದ ಮಾಡ್ದ್ರು ನೋಡಿದ್ಯಲ್ಲ? ಇನ್ನು ಸಣ್ಣಪುಟ್ಟದ್ದಕ್ಕೆ ಅವ್ರನ್ನೇ ಕರೆಸ್ತೆ."

ಭಟ್ಟರು ಬಾಗಿಲು ಎಳೆದುಕೊಳ್ಳುತ್ತ ಒಪ್ಪಿದರು.

"ಅಡ್ಡಿಲ್ಲ. ನಾ ಬರೂದ್ರೊಳಗೆ ಕಂಪ್ಯೂಟರಿಗೆ ಒಂದು ಕೊಡ ನೀರು ಹಾಕಿ ಇಡಿ."