ಗೊಬ್ಬರ, ಹೊರಸು ಮತ್ತು ಅತ್ತೆಯ ಒಂದು ಒಳ್ಳೆಯ ಮಾತು

ನಾನು ಯಾವ ಕೆಲಸವನ್ನು ಅಗ್ಗವಾಗಿ ಮುಗಿಸಲು ಹೋದರೂ ಅದನ್ನು ನೋಡಲು ಓಣಿಯ ಜನ ಸೇರುತ್ತಾರೆ. ಯಾಕೆಂದು ನನಗೆ ತಿಳಿಯದು. ಕೆಲಸವಂತೂ ಆಗಿಯೇ ಆಗುತ್ತದೆ.

ಈ ಸಲದ ಕೆಲಸ ಕೈತೋಟಕ್ಕೆ ಗೊಬ್ಬರ ಹರಡುವುದು. ಅತ್ತೆ ತಮ್ಮೂರು ಕಮಲಾಪುರದಿಂದ ಕೆಂಪು ಬಾಳೆಯ ಮೂರು ಕಂದು ತಂದುಕೊಟ್ಟಿದ್ದರು. ಕೊಡುವಾಗಲೇ, "ಕಲಬುರಗಿ ಮಣ್ಣಾಗ, ಅದೂ ನಿಮ್ಮ ಕೈಯಾಗ ಇವು ಬದುಕಂಗಿಲ್ಲ ಬಿಡ್ರಿ" ಎಂದರು. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವರ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಬಾಳೆ ಬೆಳೆಸಿ ಆ ಮಾತು ಆಡಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಯಂತ್ರ

ಮೊದಲು ಅಂಗಡಿಗೆ ಹೋದೆ. ಗೊಬ್ಬರ ಹರಡುವ ಗಾಡಿಯೊಂದನ್ನು ತೋರಿಸಿದರು. ಬೆಲೆ ಕೇಳಿ ನಾನು ಅದರ ಮೇಲಿಟ್ಟ ಕೈ ತೆಗೆದೆ.

"ಹೊಲ ಎಷ್ಟದ ಸಾಹೇಬ್ರ?" ಎಂದ ಅಂಗಡಿಯವ.

"ಹೊಲ ಅಲ್ರೀ, ಮನಿ ಮುಂದ ಎರಡು ಹೊರಸು ಹಾಸೋವಷ್ಟು ಜಾಗ."

ಅವನು ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಇದು ಒಳಗ ಬಂದರ ನೀವು ಹೊರಗ ನಿಲ್ಲಬೇಕಾಗ್ತದ ನೋಡ್ರಿ."

ಜರಡಿ

ಹೆಂಡತಿ ಮನೆಯಲ್ಲಿಲ್ಲದಾಗ ಹಿಟ್ಟಿನ ಜರಡಿಯಿಂದ ಗೊಬ್ಬರ ಜಾಡಿಸಿದೆ. ಪುಡಿಪುಡಿಯಾಗಿ ಚೆನ್ನಾಗಿಯೇ ಬಿತ್ತು, ಆದರೆ ಒಂದು ಬುಟ್ಟಿಗೆ ಒಂದು ತಾಸು ಹಿಡಿಯಿತು. ಜರಡಿಯನ್ನು ಮೂರು ಸಲ ತೊಳೆದು ಮೊಳೆಗೆ ತೂಗುಹಾಕಿದೆ.

ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಜೋಳದ ರೊಟ್ಟಿಯೊಳಗಿಂದ ಏನನ್ನೋ ಎಳೆದು ಹಿಡಿದಳು.

"ಮೆಂತೆ ಸೊಪ್ಪಿರಬೇಕು" ಎಂದೆ.

"ನಾ ಹಿಟ್ಟು ಸಾಣಿಸೀನಿ" ಎಂದಳು, "ನೀವೇನು ಸಾಣಿಸೀರಿ ಅದನ್ನ ಹೇಳ್ರಿ."

ನಿಂಬೆ ಹೋಳು

ಇನ್ನು ಕೈಯೇ ಗತಿ. ಬಕೆಟ್ಟಿನಿಂದ ಹಿಡಿಹಿಡಿಯಾಗಿ ಎರಚತೊಡಗಿದೆ. ಗೇಟಿನ ಹೊರಗಿನ ದಾಸವಾಳಕ್ಕೂ ಒಂದಿಷ್ಟು ಹಾಕಿದೆ. ನಮ್ಮದು ಮನೆಯ ಕಸದ ಗೊಬ್ಬರ. ದೇವರ ಹೂವು, ಹಿಂಡಿದ ನಿಂಬೆ ಹೋಳು ಎಲ್ಲ ಅದರಲ್ಲೇ. ಅವತ್ತು ಅಮಾವಾಸ್ಯೆ ಎಂಬುದು ನನ್ನ ತಲೆಯಲ್ಲಿರಲಿಲ್ಲ.

ಹಾಲಿನವನು ಓಣಿಯ ಮೂಲೆಯಲ್ಲೇ ನಿಂತುಬಿಟ್ಟ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಮೆಲ್ಲಗೆ ಬಂದು, "ನಿಮ್ಮ ಮನಿಗೆ ಯಾರೋ ಮಾಟ ಮಾಡ್ಯಾರ್ರೀ. ಕುಂಕುಮದ ಹೂವು, ಲಿಂಬಿಹಣ್ಣು ಎಲ್ಲಾ ಬಿದ್ದಾವ" ಎಂದರು.

"ಯಾರೋ ಅಲ್ರೀ, ನಾನೇ ಹಾಕೀನಿ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಸ್ವಂತ ಮನಿಗೆ ಯಾರರ ಮಾಡ್ಕೋತಾರೇನ್ರೀ?"

ಹೊರಸು

ಕೊನೆಗೆ ಹೊಳೆದದ್ದು ಅಟ್ಟದ ಮೇಲಿದ್ದ, ಹಗ್ಗ ಹೆಣೆದ ಹಳೆಯ ಮಂಚ, ಅದೇ ನಮ್ಮ ಹೊರಸು. ಗೊಬ್ಬರ ಅದರ ಮೇಲೆ ಸುರಿದು ನಾಲ್ಕು ಜನ ನಾಲ್ಕು ಕಾಲು ಹಿಡಿದು ಜಾಡಿಸಿದರೆ ಹಗ್ಗದ ಸಂದಿನಿಂದ ಸಮನಾಗಿ ಉದುರುತ್ತದೆ. ಖರ್ಚು ಸೊನ್ನೆ. ಇಂಥದ್ದು ನನಗಲ್ಲದೆ ಇನ್ನಾರಿಗೆ ಹೊಳೆದೀತು?

ಗೊಬ್ಬರದ ಗುಂಡಿ ಹಿತ್ತಿಲಲ್ಲಿ, ತೋಟ ಮನೆಯ ಮುಂದೆ. ಓಣಿ ಸುತ್ತಿಯೇ ತರಬೇಕು. ದಾರಿಯಲ್ಲಿ ಉದುರಬಾರದೆಂದು ಗೊಬ್ಬರವನ್ನು ಬಿಳಿ ಚಾದರದಲ್ಲಿ ಉದ್ದಕ್ಕೆ ಸುತ್ತಿ ಹೊರಸಿನ ಮೇಲಿಟ್ಟೆವು. ನಾನು, ಡ್ರೈವರು, ನಮ್ಮ ಆಫೀಸಿನ ಇಬ್ಬರು ಕಣ್ಣಷ್ಟೇ ಕಾಣುವಂತೆ ಮೂಗಿಗೆ ಟವೆಲ್ ಕಟ್ಟಿಕೊಂಡು ಹೆಗಲು ಕೊಟ್ಟೆವು. ವಾಸನೆ ತಡೆಯದೆ ಹೆಂಡತಿ ಊದಿನಕಡ್ಡಿ ಹಚ್ಚಿಕೊಂಡು, ಬಾಯಿಗೆ ಸೆರಗು ಹಿಡಿದು ಹಿಂದೆ ಬಂದಳು.

ಓಣಿಯ ಬಾಯಲ್ಲಿ ಆಟೋ ನಿಂತಿತು. ಹೇಳದೆ ಕೇಳದೆ ಬಾಳೆ ನೋಡಲು ಬಂದ ಅತ್ತೆ ಇಳಿದರು. ನಮ್ಮನ್ನು ನೋಡಿದ್ದೇ ಕೈಯ ಚೀಲ ಕೆಳಗೆ ಬಿತ್ತು.

ನಮ್ಮ ಕಡೆ ಸತ್ತವರ ಗುಣ ಹಾಡಿಕೊಂಡೇ ಅಳುವುದು. ಅತ್ತೆ ಎದೆ ಬಡಿದುಕೊಂಡು ಶುರುಮಾಡಿದರು.

"ಬಂಗಾರದಂಥ ಅಳಿಯಾ, ನನ್ನ ಮಗಳಿಗೆ ಒಂದಿನ ಎದುರಾಡಲಿಲ್ಲಲ್ಲಪ್ಪಾ. ಹೊಟ್ಟಿಲೆ ಹುಟ್ಟಿದ ಮಗನಕಿಂತ ಹೆಚ್ಚಿಗಿ ನನ್ನ ನೋಡಿಕೊಂಡ್ಯಲ್ಲಪ್ಪಾ. ನಿನ್ನಂಥ ಶಾಣ್ಯಾ ಕಮಲಾಪುರ ತುಂಬ ಹುಡುಕಿದರೂ ಸಿಗಂಗಿಲ್ಲಲ್ಲಪ್ಪಾ."

ಹೆಂಡತಿಗೆ ನಗು ಉಕ್ಕಿ ಸೆರಗಿನೊಳಗೆ ಮೈಯೆಲ್ಲ ಅಲುಗುತ್ತಿತ್ತು. ಅದನ್ನು ನೋಡಿ ಅತ್ತೆ ಮಗಳನ್ನು ತಬ್ಬಿಕೊಂಡು ಇನ್ನೂ ಜೋರಾಗಿ ಅತ್ತರು. ನನ್ನ ಕಣ್ಣಲ್ಲಿ ನಿಜವಾಗಿ ನೀರು ಬಂತು.

"ನಿಮ್ಮ ಅತ್ತ್ಯಾರಿಗೆ ಖರೆ ಹೇಳ್ರಿ ಇನ್ನ" ಎಂದು ಡ್ರೈವರು ಪಿಸುಗುಟ್ಟಿದರು.

"ಸುಮ್ಮನ ನಿಧಾನ ನಡೀರಿ" ಎಂದೆ. "ಹದಿನೆಂಟು ವರ್ಷದಿಂದ ಕಾದೀನಿ."

ಗೇಟಿನ ಹತ್ತಿರ ಹೊರಸು ಇಳಿಸಿ ಟವೆಲ್ ಬಿಚ್ಚಿದೆ. ಅತ್ತೆ ನನ್ನನ್ನು ನೋಡಿದರು. ಚಾದರದ ಅಂಚು ಎತ್ತಿ, ಒಂದು ಚಿಟಿಕೆ ಗೊಬ್ಬರ ತಿಕ್ಕಿ ನೋಡಿ ಕಣ್ಣೊರೆಸಿಕೊಂಡರು. "ಇನ್ನಾ ಹಸಿ ಅದ. ಇಷ್ಟೂ ತಿಳಿಯಂಗಿಲ್ಲೇನು ನಿಮಗ?"

ಅವರ ಮಾತಿನಂತೆ ಗೊಬ್ಬರ ಬಿಸಿಲಿಗೆ ಒಣಗಿಸಿ, ಸಂಜೆ ಹೊರಸಿನಿಂದಲೇ ಜಾಡಿಸಿದೆವು. ಮಡಿಯ ತುಂಬ ಸಮನಾಗಿ ಬಿತ್ತು. ಅತ್ತೆ ಅಂಚಿನಾಚೆ ಬಿದ್ದ ಎರಡು ಚಿಟಿಕೆಯನ್ನು ಹೆಕ್ಕಿ ಒಳಗೆ ಹಾಕಿದರು.

ಊಟಕ್ಕೆ ಕುಳಿತಾಗ ಧೈರ್ಯ ಮಾಡಿ ಕೇಳಿದೆ. "ಮುಂಜಾನೆ ಓಣ್ಯಾಗ ಅಂದದ್ದು ಖರೆ ಏನ್ರೀ?"

ಅತ್ತೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. "ಅಳೂ ಮುಂದ ಎಲ್ಲಾರಿಗೂ ಹಂಗೇ ಅಂತೀವಿ. ಸುಮ್ಮನ ಉಣ್ರಿ."

"ಸುಳ್ಳು ಹೇಳಬ್ಯಾಡವ್ವ" ಎಂದಳು ಹೆಂಡತಿ. "ಅಪ್ಪ ಹ್ವಾದಾಗ ಇದರ ಅರ್ಧಾನೂ ಅಂದಿದ್ದಿಲ್ಲ."