ಟೀ ಪಂಚಾಯಿತಿಗೆ ಸಿಕ್ಕಿಬಿದ್ದ ಪ್ಲಂಬರ್

ಅಡುಗೆಮನೆಯ ನಲ್ಲಿಗೆ ಹೊಸ ವಾಷರ್ ಹಾಕಿ ಪ್ಲಂಬರ್ ಎದ್ದು ನಿಲ್ಲುವಷ್ಟರಲ್ಲಿ ಆ ಮನೆಯ ಅಜ್ಜಿ, "ಒಂದು ಲೋಟ ಟೀ ಕುಡ್ಕೊಂಡು ಹೋಗಪ್ಪಾ" ಎಂದರು. ಬೇಡ ಎಂದಿದ್ದರೆ ಬದುಕಿಕೊಳ್ಳುತ್ತಿದ್ದ. "ಸ್ವಲ್ಪೇ ಸ್ವಲ್ಪ ಕೊಡಿ" ಎಂದುಬಿಟ್ಟ.

ಅತ್ತ ಪಕ್ಕದ ಬೀದಿಯ ಕ್ಷೌರದಂಗಡಿಯಲ್ಲಿ ನೀರು ನಿಂತುಹೋಗಿ, ಮುಖದ ತುಂಬ ಸೋಪು ಬಳಿಸಿಕೊಂಡ ಗಿರಾಕಿಯೊಬ್ಬ ಇವನಿಗಾಗಿ ಕಾಯುತ್ತಿದ್ದ.

ಸೊಸೆ ಹಾಲು, ನೀರು ಎರಡನ್ನೂ ಒಟ್ಟಿಗೇ ಒಲೆಗಿಟ್ಟಳು. ಅಜ್ಜಿ ಹಣೆ ಚಚ್ಚಿಕೊಂಡರು. "ಮೊದಲು ನೀರಲ್ಲಿ ಪುಡಿ ಕುದೀಬೇಕು, ಆಮೇಲೆ ಹಾಲು. ನೀನೇ ಹೇಳಪ್ಪಾ!"

"ಹೂಂ" ಎಂದ ಪ್ಲಂಬರ್.

"ಕುಡೀದೇನೇ ಹೂಂ ಅಂದ್ರೆ ಹೇಗೆ?" ಸೊಸೆ ಲೋಟ ಚಾಚಿದಳು. ಕುಡಿದು, "ಇದೂ ಚೆನ್ನಾಗಿದೆ" ಎಂದ.

"ಇದೂ ಅಂದ್ರೆ? ನಂದು ಕುಡಿದೇ ಇಲ್ವಲ್ಲ ನೀನು!" ಅಜ್ಜಿ ಇನ್ನೊಂದು ಪಾತ್ರೆ ಇಟ್ಟರು.

ಗಲಾಟೆಗೆ ಮಗ ಒಳಬಂದ. ಹೆಂಡತಿ ಕೈಯಳತೆಯಲ್ಲೇ ಇದ್ದರೂ ಗೋಡೆ ನೋಡುತ್ತ, "ಅಮ್ಮಾ, ಸಕ್ಕರೆ ಕೊನೇಲಿ ಹಾಕ್ಬೇಕು ಅಂತ ಅವಳಿಗೆ ಹೇಳು" ಎಂದ.

ಸೊಸೆ ಒಲೆಯತ್ತ ತಿರುಗಿ, "ಅತ್ತೆ, ಅವರು ಯಾವತ್ತಾದ್ರೂ ಒಲೆ ಹಚ್ಚಿದಾರಾ ಕೇಳಿ" ಎಂದಳು.

ರೋಷಕ್ಕೆ ಅವನೂ ಒಂದು ಪಾತ್ರೆ ಇಟ್ಟ. ಅಷ್ಟರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರು ಕರೆಯದೇ ಹಾಜರಾದರು. "ಪುಡೀನ ಕುದಿಸೋದೇ ತಪ್ಪು! ಬಿಸಿನೀರು ಸುರಿದು, ಮುಚ್ಚಳ ಮುಚ್ಚಿ, ಸುಮ್ಮನಿರಬೇಕು."

"ಸುಮ್ಮನಿರೋಕೆ ನಿಮಗೆ ಬರುತ್ತಾ?" ಎಂದರು ಅಜ್ಜಿ. ಬರಲಿಲ್ಲ. ನಾಲ್ಕನೆಯ ಲೋಟವೂ ಸಿದ್ಧವಾಯಿತು.

ಪ್ಲಂಬರ್‌ನ ಫೋನು ಅರಚಿತು. "ಗಿರಾಕಿ ಮುಖ ಹಳೇ ಗೋಡೆ ಥರ ಬಿರುಕು ಬಿಡ್ತಿದೆ, ಎಲ್ಲಿದ್ದೀಯೋ?" ಕ್ಷೌರಿಕನ ದನಿ.

"ಕುಡೀತಾ ಕೂತಿದೀನಿ ಅಣ್ಣಾ..."

"ಬೆಳಬೆಳಗ್ಗೇನೇ? ಥೂ! ಸೋಡಾ ಹಾಕಿ ತೊಳ್ಕೋತೀವಿ, ನೀನು ಬರಲೇಬೇಡ!"

'ಟೀ' ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ನಾಲ್ಕು ಲೋಟ ಟೀ ಇಳಿದ ಅವನ ಹೊಟ್ಟೆ, ತುಂಬಿದ ಟ್ಯಾಂಕಿನಂತೆ ಗುಳುಗುಳು ಎನ್ನುತ್ತಿತ್ತು. ಹೊರಡೋಣವೆಂದರೆ ಬಾಗಿಲಲ್ಲಿ ಮೇಷ್ಟ್ರು. "ಯಾರದು ಚೆನ್ನಾಗಿದೆ? ಹೇಳಿ ಹೋಗು!"

ಪ್ಲಂಬರ್‌ಗೆ ರೇಗಿಹೋಯಿತು. "ನಿಮಗ್ಯಾರಿಗೂ ಟೀ ಮಾಡೋಕೆ ಬರಲ್ಲ! ಸರೀರಿ ಆಚೆ, ನಾನು ತೋರಿಸ್ತೀನಿ!"

ಜನ್ಮದಲ್ಲಿ ಅವನು ಒಲೆ ಹಚ್ಚಿದವನಲ್ಲ. ಸಿಟ್ಟಿನ ಭರದಲ್ಲಿ ಪುಡಿಯನ್ನು ಸಿಮೆಂಟಿನಂತೆ ಸುರಿದ, ಸಕ್ಕರೆಯೆಂದು ಉಪ್ಪು ಹಾಕಿದ. ತುಕ್ಕು ಹಿಡಿದ ಪೈಪಿನ ನೀರಿನಂಥದ್ದೇನೋ ತಯಾರಾಯಿತು. ನಾಲ್ವರೂ ಬಾಯಿಗಿಟ್ಟರು.

ಮಗ ಕುಡಿದದ್ದು ಮೂಗಿನಿಂದ ಹೊರಬಂತು. ಸೊಸೆ ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ ರೀ, ಮೂಗು ಒರೆಸ್ಕೊಳ್ಳಿ!"

"ನಿನ್ನ ಟೀನ ಬೈದಿದ್ದಕ್ಕೆ ಸರಿಯಾಗಿ ಆಯ್ತು ಕಣೇ" ಎಂದು ಅವನೂ ಕೆಮ್ಮುತ್ತಲೇ ನಕ್ಕ. ಮೇಷ್ಟ್ರು ಬಾಯಿ ಮುಚ್ಚಿಕೊಂಡು ಮನೆಗೋಡಿದರು.

ಅವಮಾನದಿಂದ ಕುಗ್ಗಿದ ಪ್ಲಂಬರ್ ಚೀಲ ಎತ್ತಿಕೊಂಡು ಮೆಟ್ಟಿಲಿಳಿಯತೊಡಗಿದ. ಅಜ್ಜಿ ಹಿಂದೆಯೇ ಬಂದು ಕೈಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಬೇಜಾರ್ ಮಾಡ್ಕೋಬೇಡಪ್ಪಾ. ಮಗ ಸೊಸೆ ಇಬ್ರೂ ಮಾತು ಬಿಟ್ಟು ತಿಂಗಳಾಗಿತ್ತು. ಕರೆಂಟಿನವನಿಗೆ ಟೀ ಕೊಟ್ಟು ನೋಡಿದೆ, ಗ್ಯಾಸಿನವನಿಗೂ ಕೊಟ್ಟೆ. ಎಲ್ಲಾ ಚೆನ್ನಾಗಿದೆ ಅಂತ ಬಾಯಿ ಒರೆಸ್ಕೊಂಡು ಹೋದ್ರು. ನಿನ್ನಿಂದ ನಮ್ಮನೆ ನೆಟ್ಟಗಾಯ್ತು."

ಪ್ಲಂಬರ್‌ನ ಎದೆ ಉಬ್ಬಿತು. "ಏನೋ ನನ್ನ ಕೈಲಾದದ್ದು, ಅಜ್ಜಿ" ಎಂದ.

"ಅದೇ ಮತ್ತೆ! ಇಷ್ಟು ಕೆಟ್ಟದಾಗಿ ಟೀ ಮಾಡೋರು ಬೇಕು ಅಂದ್ರೂ ಎಲ್ಲಿ ಸಿಗ್ತಾರೆ? ಮೇಲಿನ ಮನೆ ಗಂಡ ಹೆಂಡ್ತೀನೂ ಮಾತು ಬಿಟ್ಟಿದಾರೆ. ನೀನು ಬರ್ತೀಯ ಅಂತ ಆಗ್ಲೇ ಕೂಗಿ ಹೇಳಿದೀನಿ, ಒಲೆ ಹಚ್ಚಿಟ್ಟಿದಾರೆ. ಚೀಲ ಇಲ್ಲೇ ಇಡು, ನಲ್ಲಿ ಬಿಚ್ಚೋ ಪಾನಾ ಗೀನಾ ಏನೂ ಬೇಡ."