ಎಡಗೈಯ ಪಿಚ್ಚರ್

ಕರಾವಳಿಯಿಂದ ಕತಾರಿಗೆ ಬಂದು ಹೋಟೆಲು ಇಟ್ಟವರಿದ್ದಾರೆ, ಕಂಪನಿ ಕಟ್ಟಿದವರಿದ್ದಾರೆ, ಊರಿನಲ್ಲಿ ದೊಡ್ಡ ಮನೆ ಎಬ್ಬಿಸಿ ಅದಕ್ಕೆ ದೊಡ್ಡ ಬೀಗ ಹಾಕಿ ವಾಪಸು ಬಂದವರಂತೂ ಬೇಕಾದಷ್ಟು. ಆದರೆ ಪ್ರೊಫೆಷನಲ್ ಬೇಸ್‌ಬಾಲ್ ಪಿಚ್ಚರ್ ಆದವರು ಒಬ್ಬರೇ ಒಬ್ಬರು. ಅವರು ನಮ್ಮ ಭಾವ! ಇದು ನನ್ನ ಮಾತಲ್ಲ, ನನಗೆ ಅಷ್ಟು ಧೈರ್ಯವಿಲ್ಲ. ಅವರೇ ಹೇಳಿಕೊಳ್ಳುತ್ತಾರೆ. ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಅವರು ನಮ್ಮ ಮನೆಗೆ ಬಂದಾಗ ಅಲ್ ಮುಂತಜಾದ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಅವರ ಜೊತೆ ಸಿಕ್ಕಿಬಿದ್ದವರು ಈಗ ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಕೊಂಡಿದ್ದಾರೆ.

ಬೇಸ್‌ಬಾಲ್ ಎಂಬುದು ಅಮೆರಿಕದವರ ಆಟ. ನಮ್ಮ ಕ್ರಿಕೆಟಿನ ಬೌಲರನ ಜಾಗದಲ್ಲಿ ಅಲ್ಲಿ ಪಿಚ್ಚರ್ ಇರುತ್ತಾನೆ. ಅವನು ಓಡಿ ಬರುವುದಿಲ್ಲ, ಚೆಂಡನ್ನು ನೆಲಕ್ಕೆ ಕುಟ್ಟುವುದೂ ಇಲ್ಲ. ನಿಂತಲ್ಲೇ ಒಂದು ಕಾಲೆತ್ತಿ, ಚಪ್ಪಲಿಯೊಳಗೆ ಸಿಕ್ಕಿದ ಕಲ್ಲು ತೆಗೆಯುವವನ ಹಾಗೆ ಒಂದು ಕ್ಷಣ ತೂಗಾಡಿ, ಚೆಂಡನ್ನು ಬ್ಯಾಟಿನವನ ಪಕ್ಕದಿಂದ ನೇರ ಹಿಂದಿನವನ ಕೈಗವುಸಿಗೆ ಬಿಸಾಡುತ್ತಾನೆ. ಇಷ್ಟೇ. ಇದಕ್ಕೆ ಅಮೆರಿಕದಲ್ಲಿ ಕೋಟಿಗಟ್ಟಲೆ ಕೊಡುತ್ತಾರಂತೆ.

"ನಿಮಗೆಂತ ಕೊಡುದು ಭಾವ?" ಎಂದು ನಾನೊಮ್ಮೆ ಕೇಳಿದೆ.

"ಪ್ರತಿ ಮ್ಯಾಚಿಗೆ ಒಂದು ಕಾರ್ಟನ್ ಲಬಾನ್."

ಲಬಾನ್ ಎಂದರೆ ಇಲ್ಲಿನ ಬಾಟಲಿ ಮಜ್ಜಿಗೆ. "ಮಜ್ಜಿಗೆಗೆ ಆಡಿದರೆ ಪ್ರೊಫೆಷನಲ್ ಹೇಗೆ ಆಗುದು?"

"ದುಡಿದದ್ದಕ್ಕೆ ಕೂಲಿ ಸಿಕ್ಕಿತಾ ಇಲ್ವಾ? ಖಲಾಸ್! ಪ್ರೊಫೆಷನಲ್!"

ಆ ಕೂಲಿಯ ದೆಸೆಯಿಂದ ಅಲ್ ರಯ್ಯಾನಿನ ಅಕ್ಕನ ಮನೆಯಲ್ಲಿ ವಾರವಿಡೀ ತಂಬುಳಿ, ಮಜ್ಜಿಗೆಹುಳಿ, ಮತ್ತೆ ತಂಬುಳಿ. ಬೇಸ್‌ಬಾಲಿನ ಸಂಪಾದನೆಯಿಂದ ತಂಬುಳಿ ಉಣ್ಣುವ ಸಂಸಾರ ಜಗತ್ತಿನಲ್ಲಿ ಇನ್ನೊಂದಿದ್ದರೆ ದಯವಿಟ್ಟು ನನಗೆ ತಿಳಿಸಿ, ಅಕ್ಕನಿಗೆ ಸಮಾಧಾನವಾಗುತ್ತದೆ.

ಇಷ್ಟಕ್ಕೆಲ್ಲ ಮೂಲ ಭಾವನ ಎಡಗೈ. ಅವರು ಹುಟ್ಟು ಎಡಚ. ಎಡಗೈಯಲ್ಲಿ ಉಣ್ಣುವುದು, ಎಡಗೈಯಲ್ಲಿ ಬರೆಯುವುದು, ಬಂದ ನೆಂಟರಿಗೆ ಎಡಗೈಯಲ್ಲಿ ಬೆಲ್ಲ ನೀರು ಕೊಡುವುದು! ಯಾವ ತಾಯಿ ಸಹಿಸಿಯಾಳು? ಅವರಮ್ಮ ಊಟಕ್ಕೆ ಕೂರಿಸುವ ಮೊದಲು ಮೈ ಒರೆಸುವ ಬೈರಾಸಿನಿಂದ ಅವರ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟುತ್ತಿದ್ದರಂತೆ. "ಅದೆಂಥ ಗಂಟು ಅಂತೀ ಮಾರಾಯ್ತಿ! ಬಂದರಿನಲ್ಲಿ ಹಡಗು ಕಟ್ಟಬಹುದು. ಊಟ ಮುಗಿದ ಮೇಲೂ ಮಣಿಕಟ್ಟಿನಲ್ಲಿ ಬರೆ ಇರ್ತಿತ್ತು" ಎಂದು ಭಾವ ಈಗಲೂ ಆ ಕೈ ಎತ್ತಿ ತೋರಿಸುತ್ತಾರೆ. ಬರೆ ಇಲ್ಲ. ಆದರೆ ಅವರು ಎಷ್ಟು ನಂಬಿಕೆಯಿಂದ ತೋರಿಸುತ್ತಾರೆಂದರೆ ನಮಗೂ ಕಂಡಂತಾಗುತ್ತದೆ.

ಹೀಗೆ ಬಲಗೈ ಅಮ್ಮನ ಕೈಯಾಯಿತು. ಉಣ್ಣುವುದು, ಬರೆಯುವುದು, ಕೈಮುಗಿಯುವುದಕ್ಕೆ ಮುಂದಾಗುವುದು ಎಲ್ಲ ಅದರ ಪಾಲು. ಎಡಗೈ ಮಾತ್ರ ಗುಟ್ಟಾಗಿ ಅವರದೇ ಆಗಿ ಉಳಿಯಿತು. ಅಮ್ಮ ನೋಡದಿದ್ದಾಗ ಅದರಲ್ಲಿ ಮಾವಿನಕಾಯಿಗೆ ಕಲ್ಲು, ಕಾಗೆಗೆ ಕಲ್ಲು, ಗುರಿ ತಪ್ಪಿದರೆ ಪಕ್ಕದ ಮನೆಯ ಹಂಚಿಗೆ ಕಲ್ಲು. ಲಗೋರಿಯಲ್ಲಂತೂ ಅವರನ್ನು ಮೀರಿಸುವವರೇ ಇರಲಿಲ್ಲವಂತೆ. ಎಡವಟ್ಟು ಎಂಬ ಶಬ್ದ ಎಲ್ಲಿಂದ ಬಂತೆಂದು ಪಂಡಿತರು ಹುಡುಕುವುದು ಬೇಡ, ನಮ್ಮ ಭಾವನನ್ನು ನೋಡಿದರೆ ಸಾಕು.

ಕೊಲ್ಲಿಗೆ ಬಂದರೆ ಇಲ್ಲಾದರೂ ಎಡಗೈಗೆ ಬಿಡುಗಡೆ ಉಂಟೇ? ಎ.ಸಿ. ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಕೆಲಸ. ಮೊದಲ ವಾರವೇ ಕತಾರಿ ಸಾಹೇಬರು ಪ್ರೀತಿಯಿಂದ ಪುಟ್ಟ ಬಟ್ಟಲಿನಲ್ಲಿ ಗಾವಾ, ಅಂದರೆ ಇಲ್ಲಿನ ಕಾಫಿ, ಚಾಚಿದರು. ಭಾವ ಗಾಬರಿಯಲ್ಲಿ ಎಡಗೈ ನೀಡಿದರು. ಸಾಹೇಬರು "ಯಮೀನ್, ಯಮೀನ್" ಎಂದರು. ಅರಬಿಯಲ್ಲಿ ಯಮೀನ್ ಎಂದರೆ ಬಲಗೈ. ಭಾವನಿಗೆ ಕೇಳಿಸಿದ್ದು ಯಮ ಎಂದು. ಬಟ್ಟಲನ್ನು ಅಲ್ಲೇ ಬಿಟ್ಟು ಸ್ಟೋರಿಗೆ ಓಡಿದರಂತೆ! ಅಂದಿನಿಂದ ಎಡಗೈ ಪ್ಯಾಂಟಿನ ಜೇಬಿನೊಳಗೆ ಸೇರಿತು. ಎಷ್ಟೋ ಜನ ಅವರಿಗೆ ಒಂದೇ ಕೈ ಎಂದು ತಿಳಿದು ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟದ್ದುಂಟು.

ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆಸಿದ್ದು ಒಬ್ಬ ಅಮೆರಿಕದ ಇಂಜಿನಿಯರ್. ಒಂದು ದಿನ ಗೋದಾಮಿನಲ್ಲಿ ಏಣಿಯ ತುದಿಯಲ್ಲಿದ್ದ ಮೆಕ್ಯಾನಿಕ್ "ಟೇಪ್ ಕೊಡಿ" ಎಂದು ಕೂಗಿದ. ಸುತ್ತ ಯಾರೂ ಇಲ್ಲವೆಂದುಕೊಂಡು ಭಾವ ಎಡಗೈಯಲ್ಲಿ ಟೇಪಿನ ಉರುಳೆ ಬೀಸಿದರು. ಅದು ಗೋದಾಮಿನ ಈ ಮೂಲೆಯಿಂದ ಆ ಮೂಲೆಗೆ ಹೋಗಿ ಅವನ ಅಂಗೈಯಲ್ಲೇ ಕೂತಿತು. ಹಿಂದಿನಿಂದ ಯಾರೋ "ಲೆಫ್ಟೀ!" ಎಂದು ಕಿರುಚಿದರು. ಭಾವ ಅಭ್ಯಾಸಬಲದಿಂದ ತಲೆ ತಗ್ಗಿಸಿ, "ಸಾರಿ ಸರ್, ಇನ್ನು ಮೇಲೆ ಬಲಗೈಯಲ್ಲೇ ಎಸೆಯುತ್ತೇನೆ" ಎಂದರು. ಇಂಜಿನಿಯರ್ ಅವರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೇಸ್‌ಬಾಲಿನಲ್ಲಿ ಎಡಗೈ ಪಿಚ್ಚರಿಗೆ ಬಂಗಾರದ ಬೆಲೆ, ತಾನು ನಡೆಸುವ ಶುಕ್ರವಾರದ ಟೀಮಿಗೆ ಅಂಥವನೇ ಬೇಕು ಎಂದರಂತೆ.

ಆ ಸಂಜೆ ಭಾವ ಮನೆಗೆ ಬಂದು ಊಟದ ಮೇಜಿನ ಮೇಲೆ ತಮ್ಮ ಎಡಗೈಯನ್ನು ಇಟ್ಟರು. "ನೋಡು" ಎಂದರು. ಅಕ್ಕ ನೋಡಿದಳು. "ಎಂತ ಆಯ್ತು, ಪೆಟ್ಟಾಯ್ತಾ?" ಎಂದು ಕೇಳಿದಳು.

"ಇದಕ್ಕೆ ಬೆಲೆ ಉಂಟಂತೆ" ಎಂದರು ಭಾವ.

ಮೊದಲ ಮ್ಯಾಚಿನ ಕಥೆಯನ್ನು ಮಾತ್ರ ಭಾವ ತಾವಾಗಿ ಹೇಳುವುದಿಲ್ಲ, ನಾವು ಬಿಡುವುದಿಲ್ಲ. ಎದುರಿಗೆ ಬಂದ ಮೊದಲ ಆಟಗಾರನ ಬೆನ್ನಿಗೆ ಭಾವ ಚೆಂಡು ಬೀಸಿದರು. ಅವನು ಅಯ್ಯೋ ಎಂದು ಕೂತ. ಎರಡನೆಯವನ ತೊಡೆಗೆ. ಮೂರನೆಯವನು ಓಡತೊಡಗಿದ, ಭಾವ ಅಟ್ಟಿಸಿಕೊಂಡು ಹೋಗಿ ಸೊಂಟಕ್ಕೆ ಹೊಡೆದರು! ಕೋಚ್, ಅಂದರೆ ಅದೇ ಇಂಜಿನಿಯರ್, ತಲೆಯ ಮೇಲೆ ಕೈಹೊತ್ತು ಮೈದಾನಕ್ಕೆ ಓಡಿ ಬಂದರೆ ಭಾವ ಎದೆಯುಬ್ಬಿಸಿ, "ತ್ರೀ ಔಟ್ ಸರ್!" ಎಂದರು. ಲಗೋರಿಯಲ್ಲಿ ಮೈಗೆ ಬಿದ್ದರೆ ಔಟು. ಬೇಸ್‌ಬಾಲಿನಲ್ಲಿ ಮೈಗೆ ಬಿದ್ದರೆ ಪೆಟ್ಟು ತಿಂದವನಿಗೇ ಲಾಭ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. "ಪೆಟ್ಟು ತಿಂದವನಿಗೆ ಬಹುಮಾನವಾ? ಇದೆಂಥ ಆಟ ಮಾರಾಯ್ರೆ!" ಎಂದು ಅವರು ಇವತ್ತಿಗೂ ಗೊಣಗುತ್ತಾರೆ.

ನಿಯಮ ಕಲಿತ ಮೇಲೆ ಮಾತ್ರ ಅವರ ಚೆಂಡನ್ನು ಮುಟ್ಟುವವರಿರಲಿಲ್ಲ. ಲಗೋರಿಯ ಏಳು ಕಲ್ಲು ಉರುಳಿಸುವ ಆ ಮಣಿಕಟ್ಟಿನ ತಿರುವು ಯಾವ ಅಮೆರಿಕದವನಿಗೆ ಗೊತ್ತು? ಹೆಸರು ಬಂತು, ಹೆಸರಿನ ಹಿಂದೆ ಜಂಬ ಬಂತು. ಎಡಗೈಗೆ ದಿನಾ ತೆಂಗಿನೆಣ್ಣೆ. ಸೂಕ್ ವಾಕಿಫ್ ಪೇಟೆಗೆ ಹೋದರೆ ಅಕ್ಕನ ಚೀಲಗಳನ್ನೆಲ್ಲ ಬಲಗೈಗೇ ನೇತುಹಾಕಿಕೊಂಡು ಒಂದು ಕಡೆ ವಾಲಿ ನಡೆಯುತ್ತಾರೆ. "ಆ ಕೈ ಖಾಲಿ ಉಂಟಲ್ಲ?" ಎಂದರೆ, "ಅದು ಟೀಮಿನದ್ದು."

ಅಷ್ಟಕ್ಕೇ ನಿಲ್ಲಲಿಲ್ಲ. ಐಡಿ ಕಾರ್ಡಿನಲ್ಲಿರುವ ಸ್ಟೋರ್ ಕೀಪರ್ ತೆಗೆಸಿ ಪಿಚ್ಚರ್ ಎಂದು ಹಾಕಿಸಬೇಕೆಂದು, ಸರಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋದರು. ಜೊತೆಗೆ ನಾನೂ ಇದ್ದೆ, ನನ್ನ ಗ್ರಹಚಾರ. ಅಲ್ಲಿನ ಮಲಯಾಳಿ ಅಣ್ಣ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದ.

"ಪಿಚ್ಚರ್ ಮಾಫಿ" ಎಂದ. ಇಲ್ಲ ಎಂದರ್ಥ. "ಪ್ಲಂಬರ್ ಹೈ. ಪೇಂಟರ್ ಹೈ. ಪಿಚ್ಚರ್ ಮತ್‌ಲಬ್ ಪಾನಿ ಕಾ ಜಗ್ ಹೈ ನಾ? ಮಡಕೆ ಮಾಡುವವರ ವೀಸಾ ನೋಡಲಾ?"

ಭಾವ ಒಂದು ಕ್ಷಣ ಯೋಚಿಸಿದರು. ದೇವರಾಣೆ, ಯೋಚಿಸಿದರು! ನಾನು ಅವರ ಬಲಗೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಎಡಗೈ ಟೀಮಿನದ್ದಲ್ಲವೇ!

ಸುದ್ದಿ ಊರಿಗೂ ಮುಟ್ಟಬೇಕಲ್ಲ. ಸುರತ್ಕಲ್ಲಿನಲ್ಲಿ ದೊಡ್ಡ ಮಗನ ತುಂಬುಸಂಸಾರದ ಯಜಮಾನಿಕೆ ನಡೆಸುವ ಅಮ್ಮನಿಗೆ ಭಾವ ಫೋನು ಮಾಡಿದರು.

"ಅಮ್ಮಾ, ನಾನಿಲ್ಲಿ ಪಿಚ್ಚರ್ ಆದೆ."

"ಪಿಚ್ಚರಾ? ಈ ಪ್ರಾಯದಲ್ಲಾ?"

"ಇಲ್ಲಿ ಪ್ರಾಯ ನೋಡುದಿಲ್ಲಮ್ಮ."

"ಮೋರೆ?"

"ಮೋರೆಯೂ ನೋಡುದಿಲ್ಲ."

"ಹಾಗಾದ್ರೆ ಸರಿ."

ಮರುದಿನ ಬೆಳಗಾಗುವಷ್ಟರಲ್ಲಿ ಸುರತ್ಕಲ್ಲಿನ ಅರ್ಧಕ್ಕೆ, ಅವರ ಮಗ ಅರಬಸ್ಥಾನದಲ್ಲಿ ಸಿನಿಮಾ ನಟನಾಗಿದ್ದಾನೆಂದು ಗೊತ್ತಾಗಿತ್ತು. ಹೀರೋಯಿನ್ ಯಾರು ಎಂದು ಕೇಳಿದವರಿಗೆ ಅಮ್ಮ, "ನನ್ನ ಸೊಸೆ ಇರುವಾಗ ಅದೆಲ್ಲ ಎಂಥಕ್ಕೆ?" ಎಂದರಂತೆ. ಟಾಕೀಸಿಗೆ ಬರುವವರೆಗೆ ಕಾಯುವ ತಾಳ್ಮೆ ಅವರಿಗೆಲ್ಲಿ? ಮಗನಿಂದ ವಿಸಿಟ್ ವೀಸಾ ಮಾಡಿಸಿಕೊಂಡು ಬಂದೇಬಿಟ್ಟರು.

ಏರ್‌ಪೋರ್ಟಿನಿಂದ ಬರುವ ಕಾರಿನಲ್ಲಿ ಅಕ್ಕ ಮೆಲ್ಲನೆ ವಿಷಯ ಬಿಡಿಸಿ ಹೇಳಿದಳು. "ಅತ್ತೆ, ಪಿಚ್ಚರ್ ಅಂದರೆ ಸಿನಿಮಾ ಅಲ್ಲ. ಚೆಂಡು ಎಸೆಯುವ ಕೆಲಸ."

"ಚೆಂಡು ಬಿಸಾಡುದು ನೋಡ್ಲಿಕ್ಕೆ ನಾನು ವಿಮಾನ ಹತ್ತಿದ್ದಾ?" ಎಂದರು ಅಮ್ಮ. ಮತ್ತೆ ಥಟ್ಟನೆ, "ಯಾವ ಕೈಯಲ್ಲಿ?" ಎಂದರು.

ಸಾಹೇಬರಿಗೆ ಹೆದರಿ, ಕೋಚಿಗೆ ಎದೆಯುಬ್ಬಿಸಿ, ಐವತ್ತು ದಾಟಿದ ನಮ್ಮ ಭಾವ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಬಲಗೈಯಲ್ಲೇ ಅಮ್ಮ."

ಆ ಶುಕ್ರವಾರವೇ ಸೀಸನ್ನಿನ ಕೊನೆಯ ಮ್ಯಾಚು. ಗೆದ್ದರೆ ಬಹುಮಾನದ ಕಪ್ಪು. ಎದುರಾಳಿ ಫಿಲಿಪ್ಪೀನಿನವರ ಟೀಮು. ಭಾವ ಬೆಳಗ್ಗೆಯಿಂದ ತಿಂಡಿ ಮುಟ್ಟಿರಲಿಲ್ಲ. ಕಪ್ಪು ಹೋದರೆ ಹೋಗಲಿ, ಅಮ್ಮನೆದುರು ಆ ಕೈ ಎತ್ತುವುದು ಹೇಗೆ? ಎತ್ತದಿದ್ದರೆ ಅದಕ್ಕೆ ಬೆಲೆಯುಂಟೆಂದು ಅಮ್ಮನಿಗೆ ತಿಳಿಯುವುದು ಹೇಗೆ? ಅಕ್ಕ ನನ್ನ ಕಿವಿಯಲ್ಲಿ, "ಇವರು ಅಮ್ಮನಿಗೆ ವೀಸಾ ಮಾಡಿಸಿದ್ದೇ ಅದಕ್ಕೆ ಕಣೇ, ಈಗ ಹೆದರಿ ಸಾಯ್ತಿದ್ದಾರೆ" ಎಂದಳು.

ಮೈದಾನದಲ್ಲಿ ಮಡಚುವ ಕುರ್ಚಿಯ ಮೇಲೆ ಕೂತ ಅಮ್ಮ, ಊರಿನ ದೇವಸ್ಥಾನದಿಂದ ತಂದ ಪ್ರಸಾದದ ಬಾಳೆಲೆ ಪೊಟ್ಟಣ ಬಿಚ್ಚಿ ಮಗನನ್ನು ಕರೆದರು. ಭಾವನ ಮನಸ್ಸೆಲ್ಲ ಚೆಂಡಿನ ಮೇಲೆ. ಮರೆತು ಎಡಗೈ ಚಾಚಿದರು. ಚಟೀರ್! ಅಮ್ಮ ಆ ಕೈಗೊಂದು ಬಿಟ್ಟರು.

"ಪ್ರಸಾದಕ್ಕೆ ಎಡಗೈಯಾ? ಮಂಡೆಕೂದಲು ಬೆಳ್ಳಗಾದ್ರೂ ಬುದ್ಧಿ ಬರ್ಲಿಲ್ವಾ ನಿಂಗೆ?"

ಭಾವ ಬಲಗೈಯಲ್ಲಿ ಪ್ರಸಾದ ತೆಗೆದುಕೊಂಡು ಮೈದಾನಕ್ಕೆ ನಡೆದರು. ನೋಡುತ್ತೇನೆ, ಎಸೆಯದ ಕೈಗೆ, ಅಂದರೆ ಬಲಗೈಗೆ, ಹಾಕಬೇಕಾದ ಕೈಗವುಸನ್ನು ಎಳೆದು ಎಡಗೈಗೆ ತುರುಕುತ್ತಿದ್ದಾರೆ! ಹೆಬ್ಬೆರಳಿನ ಜಾಗಕ್ಕೆ ಕಿರುಬೆರಳು ಹೋಗಿ ಗವುಸು ಕೋಳಿಯ ಹಾಗೆ ರೆಕ್ಕೆ ಬಿಚ್ಚಿಕೊಂಡಿತು. ಕೋಚ್ ಓಡಿ ಬಂದು ಏನಾಯಿತೆಂದು ಕೇಳಿದರು.

"ಮೈ ಮದರ್ ಈಸ್ ಹಿಯರ್" ಎಂದರು ಭಾವ.

"ಸೋ?"

ಪಾಪ, ಅಮೆರಿಕದವರಿಗೆ ಅದೆಲ್ಲ ಹೇಗೆ ಅರ್ಥವಾಗಬೇಕು?

ಬಲಗೈಯ ಮೊದಲ ಚೆಂಡು ನಮ್ಮ ಚಹಾದ ಫ್ಲಾಸ್ಕನ್ನು ಬೀಳಿಸಿತು. ಎರಡನೆಯದು ಬೇಲಿ ಹಾರಿ ಪಾರ್ಕಿಂಗಿಗೆ ಹೋಗಿ ಯಾರದೋ ಲ್ಯಾಂಡ್ ಕ್ರೂಸರಿಗೆ ಬಡಿದು ಅದರ ಅಲಾರಂ ಕೂಗಿಸಿತು. ಮೂರನೆಯದು ಹಿಂದಕ್ಕೇ ಹೋಯಿತು, ಅದು ಹೇಗೆಂದು ನನ್ನನ್ನು ಕೇಳಬೇಡಿ. ಗುರಿ ತಪ್ಪಿದ ಚೆಂಡಿಗೂ ಈ ಆಟದಲ್ಲಿ ಎದುರಿನವರಿಗೇ ಲಾಭ; ಎದುರಾಳಿಗಳು ಬ್ಯಾಟು ಬೀಸುವ ಕಷ್ಟವನ್ನೂ ತೆಗೆದುಕೊಳ್ಳದೆ ಸುತ್ತು ಹಾಕತೊಡಗಿದರು. ಸೂಕ್ ವಾಕಿಫಿಗೆ ಸಂಜೆ ತಿರುಗಾಡಲು ಹೋದವರಿಗೂ ಅಷ್ಟು ನೆಮ್ಮದಿ ಇರುವುದಿಲ್ಲ.

"ಇದಾ ಇವನ ಪಿಚ್ಚರ್? ಇದಕ್ಕಾ ಮಜ್ಜಿಗೆ ಕೊಡುದು?" ಎಂದು ಅಮ್ಮ ನನ್ನನ್ನು ಕೇಳಿದರು.

ನನ್ನ ಬಾಯಲ್ಲಿ ಯಾವಾಗ ತಾನೇ ಮಾತು ನಿಂತಿದೆ? "ಅತ್ತೆ, ಭಾವ ಎಸೆಯುವುದು ಎಡಗೈಯಲ್ಲಿ. ಆ ಕೈಗೇ ಇಲ್ಲಿ ಮರ್ಯಾದೆ. ನೀವು ಕೂತಿದ್ದೀರಿ ಅಂತ ಬಲಗೈಯಲ್ಲಿ ಒದ್ದಾಡುತ್ತಿದ್ದಾರೆ" ಎಂದುಬಿಟ್ಟೆ.

ಅಮ್ಮ ಮಡಿಲಿನ ಪೊಟ್ಟಣವನ್ನು ನೋಡುತ್ತ ಕೂತರು. ಅಷ್ಟರಲ್ಲಿ ಇನ್ನೊಂದು ಚೆಂಡು ಅಂಪೈರನ ಟೋಪಿ ಹಾರಿಸಿತು. ಅಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಲಿಯವರೆಗೆ ಹೋಗಿ, ಇಡೀ ಅಲ್ ರಯ್ಯಾನಿಗೆ ಕೇಳುವ ಹಾಗೆ ಕೂಗಿದರು:

"ಏ ಮಗಾ! ಎಡದ ಕೈಯಲ್ಲಿ ಬಿಸಾಡಾ!"

ಭಾವ ತಿರುಗಿ ನೋಡಿದರು. ಅಮ್ಮ ತಮ್ಮ ಎಡಗೈಯನ್ನೇ ಎತ್ತಿ, ಹೀಗೆ, ಎಂದು ಬೀಸಿ ತೋರಿಸಿದರು. ಭಾವ ಗವುಸನ್ನು ಕಳಚಿ ಕೈ ಬದಲಾಯಿಸಿದರು. ಕಾಲೆತ್ತಿದರು. ಆಮೇಲೆ ಹೋದ ಚೆಂಡು ಯಾರಿಗೂ ಕಾಣಿಸಲಿಲ್ಲ, ಹಿಂದಿನವನ ಗವುಸಿನಲ್ಲಿ ಸದ್ದು ಮಾತ್ರ ಕೇಳಿಸಿತು. ಅಲ್ಲಿಂದ ಮುಂದೆ ಬಂದವರೆಲ್ಲ ಗಾಳಿಗೆ ಬ್ಯಾಟು ಬೀಸಿ ವಾಪಸು ಹೋದರು. ಪ್ರತಿ ಸಲವೂ ಅಮ್ಮ ಅಕ್ಕಪಕ್ಕದ ಅಮೆರಿಕದವರ ಕಡೆ ತಿರುಗಿ, "ನನ್ನ ಮಗ!" ಎನ್ನುತ್ತಿದ್ದರು. ಕನ್ನಡದಲ್ಲೇ. ಅವರಿಗೆ ಅರ್ಥವಾಗುತ್ತಿತ್ತು.

ಗೆದ್ದರೇ ಎಂದು ಕೇಳುತ್ತೀರಿ. ಇಲ್ಲ, ಸೋತರು. ಬಲಗೈ ಮಾಡಿದ ನಷ್ಟ ಅಷ್ಟಿತ್ತು! ಕಪ್ಪು ಫಿಲಿಪ್ಪೀನಿನವರ ಪಾಲಾಯಿತು, ನಮ್ಮ ಪಾಲಿಗೆ ಎಂದಿನಂತೆ ಲಬಾನಿನ ಕಾರ್ಟನ್. ಭಾವ ಅದನ್ನು ಹೊತ್ತುಕೊಂಡು, ತಲೆ ತಗ್ಗಿಸಿ ಬಂದು ಅಮ್ಮನೆದುರು ನಿಂತರು.

ಅಮ್ಮ ಮತ್ತೆ ಪೊಟ್ಟಣ ಬಿಚ್ಚಿದರು. "ಕೈ ಒಡ್ಡು."

ಭಾವ ಕಾರ್ಟನ್ ಕೆಳಗಿಟ್ಟು, ಬಲಗೈಯನ್ನು ಅಂಗಿಗೆ ಒರೆಸಿಕೊಂಡು ಚಾಚಿದರು.

"ಅದಲ್ಲ. ಆ ಕೈ."

ಭಾವ ಕದಲಲಿಲ್ಲ. "ಅಮ್ಮಾ, ಪ್ರಸಾದ..."

"ದೇವರಿಗೆ ನಾನು ಹೇಳ್ತೇನೆ. ನೀನು ಕೊಡು."

ಭಾವ ಎಡಗೈ ನೀಡಿದರು. ಅಮ್ಮ ಅದರಲ್ಲಿ ಒಂದು ಒಣಗಿದ ಹೂವನ್ನೂ ಚೂರು ಗಂಧವನ್ನೂ ಇಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಆಮೇಲೂ ಆ ಕೈಯನ್ನು ಬಿಡಲಿಲ್ಲ. ಮಣಿಕಟ್ಟನ್ನು ಹೆಬ್ಬೆರಳಿನಿಂದ ಸವರುತ್ತ ನಿಂತರು. ಅಕ್ಕ ಆ ಕಡೆ ಮುಖ ತಿರುಗಿಸಿದಳು.

"ಆಗ ತುಂಬಾ ಬಿಗಿಯಾಗಿ ಕಟ್ತಿದ್ದೆನಾ ಮಗಾ?" ಎಂದರು ಅಮ್ಮ.

ಹಡಗು ಕಟ್ಟುವ ಗಂಟಿನ ಕಥೆಯನ್ನು ಊರಿಗೆಲ್ಲ ಹೇಳಿದ ನಮ್ಮ ಭಾವ, ಇಲ್ಲದ ಬರೆಯನ್ನು ಎಲ್ಲರಿಗೂ ತೋರಿಸುವ ನಮ್ಮ ಭಾವ, ತಲೆಯಾಡಿಸಿದರು.

"ಇಲ್ಲಮ್ಮ. ನೀನು ಕಟ್ಟಿದ ಗಂಟು ಯಾವಾಗಲೂ ಸಡಿಲವೇ ಇರ್ತಿತ್ತು."